ಸುಣ್ಣಕ್ಕೆ ನೀರು ಹಾಕಿದರೂ ಥರ್ಮಾಮೀಟರ್ ಏರಲಿಲ್ಲ: ಮುಧೋಳ ತಾಲ್ಲೂಕಿನ ಒಂದು ಶಾಲೆಯ ಪ್ರಕರಣ

10ನೇ ತರಗತಿ ವಿಜ್ಞಾನದ ಮೊದಲ ಪಾಠದಲ್ಲೇ ಈ ಚಟುವಟಿಕೆ ಬರುತ್ತದೆ. ಬೀಕರಿನಲ್ಲಿ ಸ್ವಲ್ಪ ಸುಟ್ಟ ಸುಣ್ಣ ತಗೊಳ್ಳಬೇಕು, ನಿಧಾನಕ್ಕೆ ನೀರು ಹಾಕಬೇಕು, ಬೀಕರ್ ಮುಟ್ಟಿ ನೋಡಬೇಕು. ಬಿಸಿಯಾಗಲೇಬೇಕು. ಕ್ಯಾಲ್ಸಿಯಂ ಆಕ್ಸೈಡ್ ನೀರಿನ ಜೊತೆ ಸೇರಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುವಾಗ ಶಾಖ ಹೊರಗೆ ಬರುತ್ತದೆ. ಬಹಿರುಷ್ಣಕ ಕ್ರಿಯೆ ಅಂದ ಕೂಡಲೇ ಎಲ್ಲ ಮೇಷ್ಟ್ರಿಗೂ ಮೊದಲು ನೆನಪಾಗುವ ಉದಾಹರಣೆ ಇದು.

ಮುಧೋಳ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಜೂನ್ ಕೊನೆಗೆ ಇದನ್ನು ಮಾಡಿದರು. ಬಿಸಿಯಾಗಲಿಲ್ಲ. ಅಲ್ಲಿನ ವಿಜ್ಞಾನದ ಮೇಷ್ಟ್ರು ನನ್ನ ಹಳೆಯ ಗೆಳೆಯ. ಅವರು ಆ ವರ್ಷ ಒಂದು ಒಳ್ಳೆ ಕೆಲಸ ಮಾಡಿದ್ದರು, ಕೈಯಿಂದ ಮುಟ್ಟಿ ನೋಡಿ ಅನ್ನುವ ಬದಲು ಪ್ರತಿ ಗುಂಪಿಗೂ ಒಂದೊಂದು ಥರ್ಮಾಮೀಟರ್ ಕೊಟ್ಟಿದ್ದರು. ಒಂದು ಚಮಚ ಸುಣ್ಣ, ಬೀಕರಿನಲ್ಲಿ 200 ಮಿಲಿಲೀಟರ್ ನೀರು. ಶುರುವಿನಲ್ಲಿ 29 ಡಿಗ್ರಿ ಇತ್ತು. ಐದು ನಿಮಿಷ ಬಿಟ್ಟು ನೋಡಿದರೆ 30. ಎಲ್ಲ ಗುಂಪಿನಲ್ಲೂ ಹೆಚ್ಚುಕಮ್ಮಿ ಅಷ್ಟೇ.

ಸೋಜಿಗ ಇರುವುದು ರೆಕಾರ್ಡ್ ಬುಕ್ಕಿನಲ್ಲಿ. ತರಗತಿಯ ಬಹುತೇಕ ಮಕ್ಕಳು ಬರೆದದ್ದು ಒಂದೇ ಸಾಲು: "ಬೀಕರ್ ತುಂಬಾ ಬಿಸಿಯಾಯಿತು, ಬುಸ್ ಎಂದು ಶಬ್ದ ಬಂದಿತು." ಶಬ್ದವೂ ಬಂದಿರಲಿಲ್ಲ! ಒಬ್ಬ ಹುಡುಗಿ ಮಾತ್ರ ಕೋಷ್ಟಕದಲ್ಲಿ 29, 30 ಅಂತ ಪ್ರಾಮಾಣಿಕವಾಗಿ ಬರೆದು, ಅದರ ಕೆಳಗೇ ತುಂಬಾ ಬಿಸಿಯಾಯಿತು ಅಂತಲೂ ಬರೆದಿದ್ದಳು. ಯಾಕವಾ ಹಿಂಗ ಅಂತ ಕೇಳಿದಾಗ ಅವಳು ಹೇಳಿದ್ದು: "ಬುಕ್ಕಿನ್ಯಾಗ ಹಂಗ ಐತ್ರಿ ಸರ್. ಆದ್ರ ಪಾರಾ ಮ್ಯಾಲ ಏರಲಿಲ್ರಿ. ಎರಡೂ ಬರದೇನ್ರಿ."

ಆ ಸಂಜೆ ಗೆಳೆಯ ಫೋನ್ ಮಾಡಿ ಬಾ ಮಾರಾಯ, ನೋಡೋಣ ಅಂದರು. ನಾನು ಜಮಖಂಡಿ ಕಡೆ ಶಾಲೆಯವನು, ಶನಿವಾರ ಅರ್ಧ ದಿನ ಸಿಗುತ್ತದೆ. ಹೋದೆ.

ಇಂಥ ಕಡೆ ಸುಮ್ನೆ "ಸುಣ್ಣ ಹಳೇದು" ಅಂತ ತೀರ್ಪು ಕೊಟ್ಟು ಚಹಾ ಕುಡಿದು ಬರಬಹುದಿತ್ತು. ನಮ್ಮಿಬ್ಬರಿಗೂ ಅನುಮಾನ ಇದ್ದದ್ದು ಅದರ ಮೇಲೇ. ಆದರೆ ಅನುಮಾನಕ್ಕೆ ಇನ್ನೂ ಮೂರು ಜಾಗ ಇದ್ದವು: ಥರ್ಮಾಮೀಟರ್, ನೀರಿನ ಅಳತೆ, ಪಾತ್ರೆ. ಒಂದೊಂದನ್ನೇ ತೆಗೆದು ಹಾಕದೆ ಸುಣ್ಣದ ಮೇಲೆ ಅಪವಾದ ಹೊರಿಸುವುದು ಮಕ್ಕಳ ಮುಂದೆ ಸರಿ ಕಾಣುವುದಿಲ್ಲ. ಅದಕ್ಕೇ ಅವರನ್ನೇ ಕೂಡಿಸಿಕೊಂಡು ಕೆಲಸ ಶುರು ಮಾಡಿದೆವು.

ಥರ್ಮಾಮೀಟರ್ ಪರೀಕ್ಷೆ ಸುಲಭ. ಸೋಡಾ ಅಂಗಡಿಯಿಂದ ಐಸ್ ತರಿಸಿ, ಪುಡಿ ಮಾಡಿ, ಸ್ವಲ್ಪ ನೀರು ಬೆರೆಸಿ ಅದರಲ್ಲಿ ಇಟ್ಟರೆ 0 ತೋರಿಸಬೇಕು. ಕುದಿಯುವ ನೀರಿನಲ್ಲಿ 100 ತೋರಿಸಬೇಕು ಅಂತ ಮಕ್ಕಳು ಹೇಳಿದರು. ಇಲ್ಲಿ ತೋರಿಸುವುದಿಲ್ಲ. ಬಾಗಲಕೋಟೆ, ಮುಧೋಳದ ಕಡೆ ನಾವು ಸಮುದ್ರಮಟ್ಟಕ್ಕಿಂತ 500 ಮೀಟರಿಗೂ ಜಾಸ್ತಿ ಎತ್ತರದಲ್ಲಿದ್ದೇವೆ. ಸುಮಾರು 300 ಮೀಟರ್ ಏರಿದರೆ ಕುದಿಯುವ ಬಿಂದು ಒಂದು ಡಿಗ್ರಿ ಇಳಿಯುತ್ತದೆ, ಹಾಗಾಗಿ ನಮಗೆ 98ರ ಆಸುಪಾಸು ಬಂದರೆ ಸರಿ. ಬಂತು. ಒಂದರಲ್ಲಿ ಮಾತ್ರ ಕೆಂಪು ಗೆರೆ ನಡುವೆ ಕಡಿದು ಎರಡು ತುಂಡಾಗಿತ್ತು, ಅದನ್ನು ಪಕ್ಕಕ್ಕೆ ಇಟ್ಟೆವು. ಇನ್ನೊಂದು ಎರಡೂ ಕಡೆ ಒಂದು ಡಿಗ್ರಿ ಜಾಸ್ತಿ ತೋರಿಸುತ್ತಿತ್ತು. ಅದನ್ನು ಎಸೆಯಬೇಕಿಲ್ಲ. ನಮಗೆ ಬೇಕಾಗಿರುವುದು ವ್ಯತ್ಯಾಸ. ಶುರುವಿನಲ್ಲೂ ಕೊನೆಯಲ್ಲೂ ಅದೇ ಥರ್ಮಾಮೀಟರ್ ಬಳಸಿದರೆ ಆ ಒಂದು ಡಿಗ್ರಿ ಕಳೆಯುವಾಗ ಹೊರಟುಹೋಗುತ್ತದೆ. ಶುರುವಿಗೆ ಒಂದು, ಕೊನೆಗೆ ಇನ್ನೊಂದು ಬಳಸುವ ಗುಂಪುಗಳೂ ಇರುತ್ತವೆ, ಅದು ಬೇರೆ ಮಾತು. ಜ್ವರ ನೋಡುವ ಥರ್ಮಾಮೀಟರ್ ಅಂತೂ ಇಲ್ಲಿ ಬೇಡವೇ ಬೇಡ. 35ರ ಕೆಳಗೆ ಅದಕ್ಕೆ ಕಣ್ಣೇ ಇಲ್ಲ, 42 ದಾಟಿದರೆ ಒಡೆಯಬಹುದು.

ಆಮೇಲೆ ನೀರು. ಇಲ್ಲಿ ಸ್ವಲ್ಪ ಲೆಕ್ಕ ಬೇಕಾಯಿತು, ಮತ್ತು ನನಗೆ ಈ ಪ್ರಕರಣದಲ್ಲಿ ಹೆಚ್ಚು ಇಷ್ಟವಾದದ್ದೂ ಇದೇ. ಒಂದು ಮೋಲ್ ಕ್ಯಾಲ್ಸಿಯಂ ಆಕ್ಸೈಡ್ ಅಂದರೆ 56 ಗ್ರಾಂ. ಅದು ನೀರಿನ ಜೊತೆ ಪೂರ್ತಿ ವರ್ತಿಸಿದರೆ ಸುಮಾರು 65 ಕಿಲೋಜೂಲ್ ಶಾಖ ಬರುತ್ತದೆ. ಮಕ್ಕಳು ಹಾಕಿದ ಒಂದು ಚಮಚವನ್ನು ಕಿರಾಣಿ ಅಂಗಡಿಯಿಂದ ತಂದ ಚಿಕ್ಕ ಡಿಜಿಟಲ್ ತಕ್ಕಡಿಯಲ್ಲಿ ತೂಗಿದರೆ 5 ಗ್ರಾಂ ಬಂತು. ಅಂದರೆ ಬರಬೇಕಾದ ಶಾಖ ಸುಮಾರು 5.8 ಕಿಲೋಜೂಲ್. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು 4.18 ಜೂಲ್ ಬೇಕು, 200 ಗ್ರಾಂ ನೀರಿಗೆ 836 ಜೂಲ್. ಭಾಗಿಸಿದರೆ 7 ಡಿಗ್ರಿಯ ಹತ್ತಿರ. ಗಾಜಿನ ಬೀಕರ್ ತನ್ನ ಪಾಲು ತಿನ್ನುತ್ತದೆ, 6 ಅಂತಲೇ ಇಟ್ಟುಕೊಳ್ಳೋಣ.

ಇದರಿಂದ ಎರಡು ವಿಷಯ ಗೊತ್ತಾದವು. ಸುಣ್ಣ ತಾಜಾ ಇದ್ದಿದ್ದರೂ ಬೀಕರ್ 35ಕ್ಕೆ ನಿಲ್ಲುತ್ತಿತ್ತು. ನಮ್ಮ ಕೈಯ ಚರ್ಮವೇ ಹೆಚ್ಚುಕಮ್ಮಿ 32, 33 ಡಿಗ್ರಿ ಇರುತ್ತದೆ, ಅಂದಮೇಲೆ 35ರ ಬೀಕರ್ ಮುಟ್ಟಿದರೆ ಯಾರಿಗೂ "ತುಂಬಾ ಬಿಸಿ" ಅನ್ನಿಸುವುದಿಲ್ಲ. ಪುಸ್ತಕದ ಚಟುವಟಿಕೆಯಲ್ಲಿ ಸುಣ್ಣಕ್ಕೆ ಸ್ವಲ್ಪ ಸ್ವಲ್ಪವೇ ನೀರು ಹಾಕಲು ಹೇಳುತ್ತಾರೆ, ಇಲ್ಲಿ ಸುಣ್ಣವನ್ನು ಅರ್ಧ ಬೀಕರ್ ನೀರಿನಲ್ಲಿ ಮುಳುಗಿಸಿದ್ದರು. ಅಷ್ಟು ನೀರಿಗೆ ಅಷ್ಟೇ ಏರಿಕೆ. ಆದರೆ ಸಿಗಬೇಕಾದ 6 ಸಿಗದೆ 1 ಸಿಕ್ಕಿದೆಯಲ್ಲ, ಆ ಐದು ಡಿಗ್ರಿಗೆ ನೀರು ಕಾರಣ ಅಲ್ಲ. ಪಾತ್ರೆಯೂ ಅಲ್ಲ, ಅದರ ಪಾಲು ಆಗಲೇ ಕಳೆದಾಗಿದೆ.

ಉಳಿದದ್ದು ಸುಣ್ಣ.

ಸುಣ್ಣ ಇದ್ದದ್ದು ಪ್ರಯೋಗಾಲಯದ ಕಪಾಟಿನಲ್ಲಿ, ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ. ಯಾವ ವರ್ಷ ತಂದದ್ದು ಅಂತ ಯಾರಿಗೂ ನೆನಪಿಲ್ಲ. ಪೂರ್ತಿ ಪುಡಿಯಾಗಿತ್ತು, ಒಳ್ಳೆ ಮೈದಾ ಹಿಟ್ಟಿನ ಹಾಗೆ. ಅದೇ ಮೊದಲ ಸುಳಿವು. ಭಟ್ಟಿಯಿಂದ ಬರುವ ಸುಟ್ಟ ಸುಣ್ಣ ಕಲ್ಲಿನ ತುಂಡಿನ ರೂಪದಲ್ಲೇ ಇರುತ್ತದೆ. ಗಾಳಿಯ ತೇವ ಹೀರಿಕೊಂಡಾಗ ಅದು ಉಬ್ಬಿ, ಬಿರಿದು, ತಾನಾಗಿಯೇ ಪುಡಿಯಾಗುತ್ತದೆ. ನಾವು ಬೀಕರಿನಲ್ಲಿ ನೋಡಬೇಕೆಂದಿದ್ದ ಕ್ರಿಯೆ ಕಪಾಟಿನೊಳಗೆ ತಿಂಗಳುಗಟ್ಟಲೆ ಯಾರಿಗೂ ಕಾಣದ ಹಾಗೆ ನಡೆದು ಮುಗಿದಿತ್ತು, ಶಾಖವೂ ಆಗಲೇ ಹೋಗಿತ್ತು. ಅಷ್ಟಕ್ಕೇ ನಿಲ್ಲುವುದಿಲ್ಲ. ಹೀಗೆ ಅರಳಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ಭಟ್ಟಿಗೆ ಹೋಗುವ ಮೊದಲು ಏನಾಗಿತ್ತೋ ಅದೇ.

ಇದನ್ನು ತೋರಿಸುವುದೂ ಕಷ್ಟ ಇಲ್ಲ. ಹಳೇ ಪುಡಿಯ ಚಿಟಿಕೆಗೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ನಾಲ್ಕು ಹನಿ ಹಾಕಿದರೆ ಜೋರಾಗಿ ನೊರೆ ಬಂತು. ಬರೀ ಅರಳಿದ ಸುಣ್ಣ ಇದ್ದಿದ್ದರೆ ನೊರೆ ಬರಬಾರದು. ಕಾರ್ಬೊನೇಟ್ ಇದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇಷ್ಟರಲ್ಲಿ ಹಿಂದಿನ ಬೆಂಚಿನ ಒಬ್ಬ ಹುಡುಗ, "ನಮ್ಮಜ್ಜಿ ಇದನ್ನ ಗಾಳಿ ಬಡದ ಸುಣ್ಣ ಅಂತಾಳ್ರಿ, ಗ್ವಾಡಿಗೆ ಹಚ್ಚಿದ್ರ ಹಿಡಿಯಂಗಿಲ್ಲ ಅಂತಾಳ್ರಿ" ಅಂದ. ಪಾಠದ ಮೊದಲ ದಿನವೇ ಹೇಳಿದ್ದರೆ ನಮ್ಮ ಅರ್ಧ ಕೆಲಸ ಉಳಿಯುತ್ತಿತ್ತು! ಆದರೆ ಅವನನ್ನು ಯಾರೂ ಕೇಳಿರಲಿಲ್ಲ ಬಿಡಿ. ಅಜ್ಜಿಯ ಮಾತಿಗೂ ಕಾರಣ ಇದೆ. ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗುವುದು ಅಲ್ಲೇ ಕಾರ್ಬೊನೇಟ್ ಆಗುವುದರಿಂದ. ಚೀಲದಲ್ಲೇ ಕಾರ್ಬೊನೇಟ್ ಆಗಿಬಿಟ್ಟರೆ ಗೋಡೆಯ ಮೇಲೆ ಆಗಲು ಏನೂ ಉಳಿದಿರುವುದಿಲ್ಲ.

ಈಗ ತಾಜಾ ಸುಣ್ಣ ಬೇಕಿತ್ತು. ಈ ತಾಲ್ಲೂಕಿನಲ್ಲಿ ಅದಕ್ಕೆ ಬರ ಇಲ್ಲ. ಲೋಕಾಪುರದ ಕಡೆ ಸುಣ್ಣದ ಕಲ್ಲಿನ ನೆಲವೇ ಇದೆ. ಭೂವಿಜ್ಞಾನಿಗಳು ಕಲಾದಗಿ ಊರಿನ ಹೆಸರಿನಿಂದಲೇ ಕರೆಯುವ ಶಿಲಾಪಟ್ಟಿ ಅದು. ಕಲ್ಲನ್ನು ಭಟ್ಟಿಯಲ್ಲಿ 900 ಡಿಗ್ರಿಯ ಸುತ್ತಮುತ್ತ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಇಲ್ಲಿನ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲನ್ನು ತಿಳಿ ಮಾಡುವುದು ಸುಣ್ಣದ ಹಾಲಿನಿಂದ, ಬೆಲ್ಲದ ಗಾಣಗಳಲ್ಲೂ ಸುಣ್ಣ ಇದ್ದೇ ಇರುತ್ತದೆ. ಕಬ್ಬಿನ ಹೊತ್ತಾಗಿದ್ದರೆ ಯಾವುದೋ ಗಾಣದಿಂದಲೇ ತರಿಸಬಹುದಿತ್ತು. ಜುಲೈನಲ್ಲಿ ಗಾಣಗಳು ನಿಂತಿರುತ್ತವೆ, ಅಲ್ಲಿ ಉಳಿದಿರುವ ಸುಣ್ಣದ ಗತಿಯೂ ಕಪಾಟಿನ ಸುಣ್ಣದ್ದೇ. ಕೊನೆಗೆ ಒಬ್ಬ ಹುಡುಗನ ಕಾಕಾ ಭಟ್ಟಿಯಿಂದ ಅವತ್ತೇ ಇಳಿಸಿದ ಕಲ್ಲನ್ನು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ತಂದುಕೊಟ್ಟರು. ತುಂಡುಗಳು ಹಗುರ, ಬಾರಿಸಿದರೆ ಟಣ್ ಅನ್ನುವಂಥವು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ತಾಜಾ ಸುಟ್ಟ ಸುಣ್ಣ ಆಟದ ವಸ್ತು ಅಲ್ಲ. ರಾಶಿ ಸುಣ್ಣದ ಮೇಲೆ ಸ್ವಲ್ಪವೇ ನೀರು ಹಾಕಿದರೆ ಆ ಜಾಗದಲ್ಲಿ ತಾಪ ನೀರಿನ ಕುದಿಯುವ ಬಿಂದುವನ್ನೂ ದಾಟಿ, ಆವಿಯ ಜೊತೆ ಸುಣ್ಣ ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಅದಕ್ಕೇ ನಾವು ತಿರುಗಿಸಿದೆವು: ನೀರು ಮೊದಲು, ಸುಣ್ಣ ಆಮೇಲೆ, ನೀರು ಸುಣ್ಣದ 20 ಪಟ್ಟು. ಒಡೆಯುವ ಕೆಲಸ ಮೇಷ್ಟ್ರದ್ದು, ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ, ಕನ್ನಡಕ ಹಾಕಿಕೊಂಡು. ಮಕ್ಕಳು ಬಗ್ಗಿ ನೋಡುವ ಹಾಗಿಲ್ಲ. ಪಕ್ಕದಲ್ಲಿ ಒಂದು ಕೊಡ ಶುದ್ಧ ನೀರು. ಕಣ್ಣಿಗೆ ಏನಾದರೂ ಬಿದ್ದರೆ ಉಜ್ಜದೆ, ಕೂಡಲೇ ಕಾಲು ಗಂಟೆಗೂ ಜಾಸ್ತಿ ನೀರು ಹಾಯಿಸುತ್ತಾ ದವಾಖಾನೆಗೆ ಕರೆದೊಯ್ಯಬೇಕು ಅಂತ ಮೊದಲೇ ಹೇಳಿಯಾಗಿತ್ತು.

ಪಾತ್ರೆಯನ್ನೂ ಬದಲಾಯಿಸಿದೆವು. ಮದುವೆ ಊಟದಲ್ಲಿ ಮಜ್ಜಿಗೆ ಕೊಡುವ ದೊಡ್ಡ ಕಾಗದದ ಲೋಟ ಗೊತ್ತಲ್ಲ, ಅಂಥವು ಎರಡು ಒಂದರೊಳಗೊಂದು, ಅದನ್ನು ಬೀಕರಿನಲ್ಲಿ ಕೂರಿಸಿದರೆ ಅಲುಗಾಡುವುದಿಲ್ಲ. ಮೇಲೆ ರಟ್ಟಿನ ಮುಚ್ಚಳ, ಅದರಲ್ಲಿ ಎರಡು ತೂತು: ಒಂದು ಥರ್ಮಾಮೀಟರಿಗೆ, ಇನ್ನೊಂದು ಕಲಕುವ ಬಿದಿರು ಕಡ್ಡಿಗೆ. ಥರ್ಮಾಮೀಟರಿನಿಂದಲೇ ಕಲಕುವ ಚಾಳಿ ನಮ್ಮ ಶಾಲೆಗಳಲ್ಲಿ ಬಹಳ. ಬುಡ ಒಡೆಯುವುದೂ ಹಾಗೇ. ಸ್ಟೀಲ್ ಲೋಟ ಯಾಕಾಗಲ್ಲ ಅಂದರೆ, ಲೋಹ ಶಾಖವನ್ನು ಬೇಗ ಹೊರಗೆ ಸಾಗಿಸಿಬಿಡುತ್ತದೆ. ಕಾಗದದ ಲೋಟ ತಾನೂ ಹೆಚ್ಚು ತಿನ್ನುವುದಿಲ್ಲ, ಬೇಗ ಬಿಟ್ಟುಕೊಡುವುದೂ ಇಲ್ಲ.

ಬಟಾಣಿ ಕಾಳಿನಷ್ಟು ಸಣ್ಣ ತುಂಡುಗಳು, 10 ಗ್ರಾಂ. ನೀರು 200 ಮಿಲಿಲೀಟರ್, 28 ಡಿಗ್ರಿ. ಲೆಕ್ಕದ ಪ್ರಕಾರ ಸುಣ್ಣ ಪೂರ್ತಿ ಶುದ್ಧವಾಗಿದ್ದು ಶಾಖ ಒಂದಿಷ್ಟೂ ಹೊರಗೆ ಹೋಗದಿದ್ದರೆ 14ರ ಹತ್ತಿರ ಏರಬೇಕು. ಮಕ್ಕಳಿಗೆ ಇದನ್ನು ಮೊದಲೇ ಹಲಗೆಯ ಮೇಲೆ ಬರೆಸಿದೆವು. ಮೊದಲು ಊಹೆ ಬರೆದಿಟ್ಟರೆ ಆಮೇಲೆ ನೋಡುವ ಕಣ್ಣೇ ಬೇರೆ.

ಹಾಕಿದ ಮೇಲೆ ಮೊದಲ ಅರ್ಧ ನಿಮಿಷ ಏನೂ ಇಲ್ಲ. ಮಕ್ಕಳ ಮುಖ ಸಪ್ಪೆ. ಒಂದು ನಿಮಿಷಕ್ಕೆ 30. ಆಮೇಲೆ ಒಳಗೆ ತುಂಡುಗಳು ಬಿರಿಯುವ ಸದ್ದು ಕೇಳಿಸಿತು, ಈ ಸಲ ನಿಜವಾಗಿಯೂ. ಎರಡು ನಿಮಿಷಕ್ಕೆ 34, ಮೂರಕ್ಕೆ 37, ನಾಲ್ಕಕ್ಕೆ 38.5, ಆರನೇ ನಿಮಿಷಕ್ಕೆ 39. ಅಲ್ಲಿಂದ ಇಳಿಯತೊಡಗಿತು: ಎಂಟಕ್ಕೆ 38.5, ಹತ್ತಕ್ಕೆ 38, ಹನ್ನೆರಡಕ್ಕೆ 37.5.

ಅಂದರೆ ಏರಿಕೆ 11 ಅಂತ ಬರೆದು ಮುಗಿಸಬಹುದಾ? ಇಲ್ಲ. ಸುಣ್ಣ ಬಿಸಿ ಕೊಡುತ್ತಿದ್ದ ಆ ಆರು ನಿಮಿಷವೂ ಲೋಟ ತಣ್ಣಗಾಗುತ್ತಲೇ ಇತ್ತು. ನಾವು ಓದಿದ 39 ಅಂದರೆ ಖರ್ಚು ಕಳೆದು ಕೈಯಲ್ಲಿ ಉಳಿದದ್ದು. ಗಳಿಸಿದ್ದು ಎಷ್ಟು ಅಂತ ತಿಳಿಯಬೇಕಾದರೆ ಗ್ರಾಫ್ ಹಾಳೆ ಬೇಕು. ಕೆಳಗೆ ಸಮಯ, ಪಕ್ಕದಲ್ಲಿ ತಾಪ. ಕೊನೆಯ ಇಳಿಯುವ ಚುಕ್ಕಿಗಳು ಹೆಚ್ಚುಕಮ್ಮಿ ನೇರ ಗೆರೆಯಲ್ಲಿ ಕೂರುತ್ತವೆ, ಎರಡು ನಿಮಿಷಕ್ಕೆ ಅರ್ಧ ಡಿಗ್ರಿ. ಆ ಗೆರೆಯನ್ನು ಸ್ಕೇಲ್ ಇಟ್ಟು ಹಿಂದಕ್ಕೆ ಎಳೆಯಬೇಕು, ಏರಿಕೆ ಅರ್ಧ ಆಗಿದ್ದ ಹೊತ್ತಿನವರೆಗೆ, ಅಂದರೆ ಇಲ್ಲಿ ಎರಡನೇ ನಿಮಿಷದ ಹತ್ತಿರ. ಅಲ್ಲಿ ಗೆರೆ 40ನ್ನು ಮುಟ್ಟಿತು. ಏರಿಕೆ 12. ಪಿಯುಸಿಗೆ ಬೇಕಾದ ವಿಷಯ ಇದು ಅಂತ ಯಾರಾದರೂ ಹೇಳಬಹುದು. ಗಣಿತದ ಪಿರಿಯಡ್ಡಿನಲ್ಲಿ ಗ್ರಾಫ್ ಎಳೆಯುವ ಮಕ್ಕಳಿಗೆ ಇದು ಐದು ನಿಮಿಷದ ಕೆಲಸ, ನೋಡಿದ್ದೇನೆ.

14ರ ಹತ್ತಿರ ಬರಬೇಕಾದದ್ದು 12 ಬಂತು. ಲೋಟ, ಥರ್ಮಾಮೀಟರ್, ಸುಣ್ಣ ಇವೆಲ್ಲ ಬಿಸಿಯಾಗಲು ಬೇಕಾದ ಪಾಲು ಲೆಕ್ಕ ಹಾಕಿದರೂ 13ಕ್ಕಿಂತ ಜಾಸ್ತಿಯೇ ಬರಬೇಕಿತ್ತು. ಉಳಿದ ಕೊರತೆಗೆ ಭಟ್ಟಿಯ ಸುಣ್ಣ ಶುದ್ಧ ಇರುವುದಿಲ್ಲ ಅನ್ನುವುದೇ ಉತ್ತರ. ದೊಡ್ಡ ಕಲ್ಲಿನ ನಡುಭಾಗ ಸುಡದೆ ಹಸಿಯಾಗಿ ಉಳಿದಿರಬಹುದು. ಕಲಾದಗಿ ಪಟ್ಟಿಯಲ್ಲಿ ಸುಣ್ಣದ ಕಲ್ಲಿನ ಜೊತೆ ಡಾಲಮೈಟ್, ಅಂದರೆ ಮೆಗ್ನೀಷಿಯಂ ಕೂಡ ಸೇರಿರುವ ಕಲ್ಲು, ಅದೂ ಇದೆ. ಅದನ್ನು ಸುಟ್ಟರೆ ಬರುವ ಮೆಗ್ನೀಷಿಯಂ ಆಕ್ಸೈಡ್ ನೀರಿನ ಜೊತೆ ಬಹಳ ನಿಧಾನ ವರ್ತಿಸುತ್ತದೆ, ಹನ್ನೆರಡು ನಿಮಿಷದಲ್ಲಿ ಅದರ ಶಾಖ ನಮಗೆ ಸಿಗುವುದಿಲ್ಲ. ತಣ್ಣಗಾದ ಸುಣ್ಣದ ಹಾಲಿಗೆ ಆಮ್ಲದ ಹನಿ ಹಾಕಿದಾಗ ಇಲ್ಲೂ ಅಲ್ಲೊಂದು ಇಲ್ಲೊಂದು ಗುಳ್ಳೆ ಬಂತು, ಸುಡದ ತಿರುಳು ಇದ್ದದ್ದಂತೂ ನಿಜ.

ಅದೇ ಲೋಟ, ಅದೇ ಅಳತೆ, ಕಪಾಟಿನ ಹಳೇ ಪುಡಿ 10 ಗ್ರಾಂ: ಏರಿಕೆ 2 ಡಿಗ್ರಿಗೂ ಕಮ್ಮಿ. ತಾಜಾ ಸುಣ್ಣದ ಆರರಲ್ಲಿ ಒಂದು ಪಾಲಿನಷ್ಟೂ ಜೀವ ಉಳಿದಿರಲಿಲ್ಲ ಅಂತ ಹೇಳಬಹುದು. ಒಂದೊಂದೇ ಡಿಗ್ರಿಯ ಗುರುತು ಇರುವ ಥರ್ಮಾಮೀಟರಿನಲ್ಲಿ ಇದಕ್ಕಿಂತ ಸಣ್ಣ ಮಾತು ಆಡಬಾರದು.

ಮುಂದಿನ ಪರೀಕ್ಷೆ ಮಕ್ಕಳದ್ದೇ ಐಡಿಯಾ. ಒಡೆದ ತಾಜಾ ತುಂಡುಗಳನ್ನು ತಟ್ಟೆಯಲ್ಲಿ ಕಿಟಕಿಯ ಹತ್ತಿರ ಬಿಟ್ಟರು. ಜುಲೈ ಅಂದರೆ ನಮ್ಮ ಕಡೆ ಮಳೆ ಕಮ್ಮಿ ಇದ್ದರೂ ಪಡುವಣ ಗಾಳಿ ತೇವ ಹೊತ್ತು ತರುತ್ತದೆ. ವಾರದಲ್ಲಿ ತುಂಡುಗಳ ಮೇಲ್ಮೈ ಉದುರಿ ಪುಡಿಯಾಗಿತ್ತು, ತಟ್ಟೆಯ ತೂಕವೂ ಏರಿತ್ತು. 56 ಗ್ರಾಂ ಸುಟ್ಟ ಸುಣ್ಣ ಪೂರ್ತಿ ಅರಳಿದರೆ 74 ಗ್ರಾಂ ಆಗಬೇಕಲ್ಲ, ಸೇರಿಕೊಂಡ ನೀರಿನ ತೂಕ ಅದು. ಅದರಲ್ಲಿ 10 ಗ್ರಾಂ ತೆಗೆದು ನೀರಿಗೆ ಹಾಕಿದರೆ ಏರಿಕೆ 5 ಡಿಗ್ರಿ. ಡಬ್ಬಿಯಲ್ಲಿ ಮುಚ್ಚಿಟ್ಟ ತುಂಡುಗಳು ಅದೇ ದಿನ 11ರ ಮೇಲೆ ಕೊಟ್ಟವು.

ಇದು ಬರೀ ಶಾಲೆಯ ಆಟ ಅಂದುಕೊಳ್ಳಬೇಡಿ. ಸುಣ್ಣವನ್ನು ಕೊಂಡು ಬಳಸುವ ಉದ್ಯಮಗಳಲ್ಲಿ ಅದರ ಚುರುಕು ನೋಡುವುದು ಇದೇ ದಾರಿಯಲ್ಲಿ. ಯುರೋಪಿನ ಮಾನಕದಲ್ಲಿ 20 ಡಿಗ್ರಿಯ 600 ಗ್ರಾಂ ನೀರಿಗೆ 150 ಗ್ರಾಂ ಸುಣ್ಣ ಹಾಕಿ, 60 ಡಿಗ್ರಿ ಮುಟ್ಟಲು ಎಷ್ಟು ಹೊತ್ತು ಬೇಕು ಅಂತ ಅಳೆಯುತ್ತಾರೆ. ಅಷ್ಟು ಸುಣ್ಣ ಶಾಲೆಯಲ್ಲಿ ಬೇಡ. ಆದರೆ ನಮ್ಮ ಮಕ್ಕಳು ಮಜ್ಜಿಗೆ ಲೋಟದಲ್ಲಿ ಮಾಡಿದ್ದು ಅದರ ತಮ್ಮನನ್ನೇ.

ಕೊನೆಗೆ ರೆಕಾರ್ಡ್ ಬುಕ್ಕಿನ ತಗಾದೆ. ಗೆಳೆಯ ಹಳೇ ಪುಟ ಹರಿಸಿ ಹೊಸದಾಗಿ ಬರೆಸಬೇಕು ಅಂತಿದ್ದರು. ನನ್ನ ಅಭಿಪ್ರಾಯ ಬೇರೆ ಇತ್ತು. ಹರಿಯಬಾರದು. 29, 30 ಅನ್ನುವ ಅಂಕಿ ತಪ್ಪಲ್ಲ, ಈ ಇಡೀ ಪ್ರಕರಣದಲ್ಲಿ ಆ ದಿನ ನಿಜ ಹೇಳಿದ್ದು ಅದೊಂದೇ. ತಪ್ಪು ಇದ್ದದ್ದು ಅದರ ಕೆಳಗಿನ ಸಾಲಿನಲ್ಲಿ. ಹಳೇ ಪುಟ ಇರಲಿ, ಸುಳ್ಳು ಸಾಲಿನ ಮೇಲೆ ಒಂದು ಗೆರೆ ಎಳೆಯಲಿ, ಪಕ್ಕದ ಪುಟದಲ್ಲಿ ಹೊಸ ಪ್ರಯೋಗ ಬರೆಯಲಿ ಅಂದೆ. ಅವರ ಚಿಂತೆಯೂ ಸುಳ್ಳಲ್ಲ. ಪರೀಕ್ಷೆಯಲ್ಲಿ "ಸುಟ್ಟ ಸುಣ್ಣಕ್ಕೆ ನೀರು ಸೇರಿಸಿದಾಗ ಏನಾಗುತ್ತದೆ" ಅಂತ ಕೇಳುತ್ತಾರೆ. ಅಲ್ಲಿ "ಒಂದು ಡಿಗ್ರಿ ಏರಿತು" ಅಂತ ಬರೆದರೆ ಅಂಕ ಸಿಗುವುದಿಲ್ಲ. ಆ ಹುಡುಗಿಯೇ ದಾರಿ ಹೇಳಿದಳು: "ಪರೀಕ್ಷಾದಾಗ ಸುಟ್ಟ ಸುಣ್ಣ ಅಂತ ಕೇಳ್ತಾರ್ರಿ. ನಮ್ದು ಸುಟ್ಟ ಸುಣ್ಣ ಇರಲೇ ಇಲ್ಲಲ್ರಿ." ಮೇಷ್ಟ್ರು ನಕ್ಕು ಒಪ್ಪಿಕೊಂಡರು. ಹಳೇ ಪುಟ ಉಳಿಯಿತು.

ಖರೀದಿ ಪಟ್ಟಿಯಲ್ಲಿ ಸುಣ್ಣದ ಮುಂದೆ "ಪ್ರತಿ ವರ್ಷ ಜೂನ್, ಅರ್ಧ ಕಿಲೋ, ತುಂಡು ಮಾತ್ರ, ಪುಡಿ ಬೇಡ" ಅಂತ ಬರೆಸಿದ್ದಾರೆ. ಡಬ್ಬಿಯ ಮೇಲೆ ತಂದ ತಾರೀಖು ಅಂಟಿಸಿದ್ದಾರೆ. ಕಪಾಟಿನ ಹಳೇ ಪುಡಿಯನ್ನು ಎಸೆಯಲು ಹೊರಟಿದ್ದರು, ಬೇಡ ಅಂದೆ. ಶಾಖ ಕೊಡದಿದ್ದರೂ ಅದರಲ್ಲಿ ಅರಳಿದ ಸುಣ್ಣ ಇನ್ನೂ ಇದ್ದೇ ಇದೆ. ಎರಡು ಚಮಚ ಪುಡಿಯನ್ನು ಒಂದು ಬಾಟಲಿ ನೀರಿಗೆ ಹಾಕಿ ಅಲುಗಾಡಿಸಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿಕೊಂಡರೆ ಅದೇ ಸುಣ್ಣದ ತಿಳಿನೀರು. ಇಂಗಾಲದ ಡೈಆಕ್ಸೈಡ್ ಪತ್ತೆ ಹಚ್ಚುವ ಪ್ರಯೋಗಕ್ಕೆ ಆ ಚೀಲ ಇನ್ನೂ ಒಂದೆರಡು ವರ್ಷ ಸಾಕು, ಬಾಯಿ ಮಾತ್ರ ಬಿಗಿಯಾಗಿ ಕಟ್ಟಿಡಬೇಕು.